8 ತಿಂಗಳ ಮಗುವಿಗೆ ಹಾಲು, ಮೊಸರು, ತುಪ್ಪ ಇಲ್ಲದೆ ಕೈಗೆ ಏನು ಕೊಡಬಹುದು?

ತುಮಕೂರಿನ ಅಮ್ಮ:
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ 8 ತಿಂಗಳು. ಅನ್ನಪ್ರಾಶನ ಆದ ಮೇಲೆ ಒಂದು ದಿನ ಎರಡೇ ಚಮಚ ಮೊಸರನ್ನ ತಿನ್ನಿಸಿದೆ. ಹತ್ತು ನಿಮಿಷದಲ್ಲಿ ಬಾಯಿ ಸುತ್ತ ಕೆಂಪಗೆ ದದ್ದು ಎದ್ದವು, ಆಮೇಲೆ ವಾಂತಿ. ಹಸುವಿನ ಹಾಲಿನ ಪ್ರೋಟೀನ್ ಅಲರ್ಜಿ, ಹಾಲಿನದ್ದು ಯಾವುದೂ ಬೇಡ, ಎದೆಹಾಲು ನಿಲ್ಲಿಸಬೇಡಿ ಎಂದರು ಡಾಕ್ಟರ್. ರಾಗಿ ಸರಿಯನ್ನು ನೀರಲ್ಲೇ ಕಾಯಿಸುತ್ತಿದ್ದೇನೆ. ಆದರೆ ಚಮಚ ಕಂಡರೆ ಸಾಕು, ತುಟಿ ಬಿಗಿ ಮಾಡಿಕೊಂಡು ಮುಖ ತಿರುಗಿಸುತ್ತಾಳೆ. ನಾವು ಊಟಕ್ಕೆ ಕೂತರೆ ಮಾತ್ರ ತಟ್ಟೆಗೇ ಕೈ ಹಾಕುತ್ತಾಳೆ. ಕೈಗೆ ಕೊಟ್ಟರೆ ತಿಂತಾಳೆ ಅನ್ನಿಸುತ್ತಿದೆ, ಆದರೆ ಗಂಟಲಿಗೆ ಸಿಕ್ಕಿಕೊಂಡರೆ ಎಂದು ಭಯ. ಅತ್ತೆಗೆ ಮಗು ಸೊರಗಿ ಹೋಗುತ್ತದೆ ಎಂಬ ಸಂಕಟ, "ಒಂದು ಹನಿ ತುಪ್ಪ ಹಾಕಿದರೆ ಏನಾಗುತ್ತೆ, ಅದು ಹಾಲಲ್ಲವಲ್ಲ" ಅನ್ನುತ್ತಾರೆ. ತುಪ್ಪ ಹಾಕಬಹುದಾ? ಏನೇನು ಕೊಡಬಹುದು, ದಯವಿಟ್ಟು ಹೇಳಿ.

ಪುತ್ತೂರಿನಿಂದ:
ನನ್ನ ಮಗನಿಗೂ ಇದೇ ಇತ್ತು, ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ತುಪ್ಪ ಬೇಡ. ಎಷ್ಟೇ ಚೆನ್ನಾಗಿ ಕಾಯಿಸಿ ಸೋಸಿದರೂ ಹಾಲಿನ ಪ್ರೋಟೀನ್ ಸ್ವಲ್ಪ ಉಳಿದೇ ಇರುತ್ತದೆ. ಎಮ್ಮೆ ಹಾಲು, ಮೇಕೆ ಹಾಲು ಆಗುತ್ತದೆ ಅಂತ ಯಾರಾದರೂ ಹೇಳಿದರೆ ಅದನ್ನೂ ಕೇಳಬೇಡಿ, ಹೆಚ್ಚಿನ ಮಕ್ಕಳಿಗೆ ಅದೂ ಹಾಗೇ ಆಗುತ್ತದೆ. ಕೊಬ್ಬು ಬೇಕು ಅಂತಿದ್ದರೆ ಬೇಳೆ ಅನ್ನಕ್ಕೆ ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿ, ನಾವು ಹಾಗೇ ಮಾಡಿದ್ದು.

ಮೊದಲು ಸಿಹಿಕುಂಬಳ, ಗೆಣಸು, ಕ್ಯಾರೆಟ್‌ನಿಂದ ಶುರು ಮಾಡಿ. ನಿಮ್ಮ ಬೆರಳಿನಷ್ಟು ಉದ್ದಕ್ಕೆ ಕತ್ತರಿಸಿ ಇಡ್ಲಿ ಪಾತ್ರೆಯಲ್ಲಿ ಬೇಯಿಸಿ. ಹೆಬ್ಬೆರಳು ತೋರುಬೆರಳ ಮಧ್ಯೆ ಒತ್ತಿದರೆ ಹಿಸುಕಿ ಹೋಗಬೇಕು, ಅಷ್ಟು ಮೆತ್ತಗಿದ್ದರೆ ಮಾತ್ರ ಕೊಡಿ. ಚಿಕ್ಕ ಚಿಕ್ಕ ತುಂಡು ಮಾಡಬೇಡಿ, ಈ ವಯಸ್ಸಿಗೆ ಮುಷ್ಟಿಯಲ್ಲಿ ಹಿಡಿದು ಮೇಲೆ ಉಳಿದದ್ದನ್ನು ಒಸಡಿನಲ್ಲಿ ಕಚ್ಚುತ್ತವೆ. ಬಾಳೆಹಣ್ಣಿನ ಸಿಪ್ಪೆಯನ್ನು ಅರ್ಧ ಮಾತ್ರ ಸುಲಿಯಿರಿ, ಕೆಳಗಿನ ಸಿಪ್ಪೆ ಹಿಡಿಯಲು ಬೇಕು, ಇಲ್ಲದಿದ್ದರೆ ಜಾರಿ ಜಾರಿ ಬೀಳುತ್ತದೆ. ನಮ್ಮ ಕಡೆ ನೇಂದ್ರ ಬಾಳೆಯನ್ನು ಬೇಯಿಸಿ ಕೊಡುತ್ತೇವೆ. ಬೆಣ್ಣೆಹಣ್ಣಿಗೆ ಹೆಸರಲ್ಲಿ ಮಾತ್ರ ಬೆಣ್ಣೆ, ಧಾರಾಳವಾಗಿ ಕೊಡಿ. ನೀರ್ ದೋಸೆಗೆ ಹಾಲಿನ ಸೋಂಕೇ ಇಲ್ಲ, ಅಕ್ಕಿ, ಕಾಯಿ, ನೀರು ಅಷ್ಟೇ. ಇಡ್ಲಿ ಒಣಗಿದ್ದರೆ ಅಂಗುಳಿಗೆ ಅಂಟುತ್ತದೆ, ಬೇಳೆ ಕಟ್ಟಿನಲ್ಲಿ ಅದ್ದಿ ಕೊಡಿ.

ಗಂಟಲಿನ ವಿಷಯ. ಓಕರಿಸುವುದು ಬೇರೆ, ಉಸಿರು ಕಟ್ಟುವುದು ಬೇರೆ. ಓಕರಿಸುವಾಗ ಸದ್ದು ಬರುತ್ತದೆ, ಕೆಮ್ಮು ಬರುತ್ತದೆ, ತಾನೇ ಹೊರಗೆ ತಳ್ಳುತ್ತದೆ. ಸದ್ದೇ ಇಲ್ಲದೆ ಮುಖ ನೀಲಿಯಾದರೆ ಅದು ಅಪಾಯ. ಆಗ ತಲೆ ಕೆಳಗಾಗುವಂತೆ ತೋಳಿನ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ಐದು ಸಲ ತಟ್ಟಬೇಕು. ಇದನ್ನು ಡಾಕ್ಟರ್ ಹತ್ತಿರ ಕೈಯಲ್ಲಿ ಮಾಡಿಸಿಕೊಂಡು ಕಲಿಯಿರಿ, ಮಗು ನೋಡಿಕೊಳ್ಳುವವರೆಲ್ಲ ಕಲಿಯಲಿ. ಕೂರಿಸಿಯೇ ಕೊಡಿ, ಪಕ್ಕದಲ್ಲೇ ಇರಿ. ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ, ಹಸಿ ಕ್ಯಾರೆಟ್ ಬೇಡವೇ ಬೇಡ.

ಬೆಂಗಳೂರಿನ ಅಪ್ಪ:
ಅಂಗಡಿ ತಿಂಡಿ ಬಗ್ಗೆ ಒಂದು ಮಾತು. ನಮ್ಮ ಬೀದಿಯ ಬೇಕರಿಯಲ್ಲಿ ರಸ್ಕ್ ತಗೊಂಡೆ, ಹಾಲು ಹಾಕಲ್ಲ ಎಂದರು, ನಂಬಿದೆ. ಮನೆಗೆ ಬಂದು ಅರ್ಧ ರಸ್ಕ್ ತಿನ್ನುವಷ್ಟರಲ್ಲಿ ಮಗನ ಕುತ್ತಿಗೆ ತುಂಬ ದದ್ದು. ಆಸ್ಪತ್ರೆಗೆ ಓಡಿದ ಆ ಸಂಜೆ ಇವತ್ತಿಗೂ ಮರೆತಿಲ್ಲ. ಬಿಸ್ಕೆಟ್, ಬ್ರೆಡ್, ಡಬ್ಬಿಯಲ್ಲಿ ಬರುವ ಮಕ್ಕಳ ಪುಡಿ, ಇವುಗಳಲ್ಲಿ ಹಾಲಿನ ಪುಡಿ ಇರುವುದೇ ಜಾಸ್ತಿ. ಪ್ಯಾಕೆಟ್ ಹಿಂದೆ 'ಮಿಲ್ಕ್ ಸಾಲಿಡ್ಸ್', 'ವ್ಹೇ', 'ಕೇಸಿನೇಟ್' ಎಂದಿದ್ದರೆ ಅದೂ ಹಾಲೇ. 'ಲ್ಯಾಕ್ಟೋಸ್ ಫ್ರೀ' ಎಂದು ನೋಡಿ ಮೋಸ ಹೋಗಬೇಡಿ, ಲ್ಯಾಕ್ಟೋಸ್ ಅಂದರೆ ಹಾಲಿನ ಸಕ್ಕರೆ, ಅದನ್ನು ತೆಗೆದರೂ ಪ್ರೋಟೀನ್ ಅಲ್ಲೇ ಇರುತ್ತದೆ. ಸೋಯಾ ಕೂಡ ಕೆಲವು ಮಕ್ಕಳಿಗೆ ಆಗುವುದಿಲ್ಲ, ಕೇಳಿಯೇ ಕೊಡಿ. ಮತ್ತೆ ಹಾಲು ಕೊಟ್ಟು ನೋಡುವುದು ಯಾವಾಗ ಎಂದು ಡಾಕ್ಟರೇ ಹೇಳಲಿ, ನಿಮ್ಮ ಮಗಳಿಗೆ ಹತ್ತೇ ನಿಮಿಷಕ್ಕೆ ಹಾಗಾಗಿದೆ ಅಲ್ವಾ, ಮನೆಯಲ್ಲಿ ಪರೀಕ್ಷೆ ಮಾಡಬೇಡಿ. ಹೆಚ್ಚಿನ ಮಕ್ಕಳಿಗೆ ಬೆಳೆಯುತ್ತಾ ಇದು ಹೋಗುತ್ತದೆ.

ಹಾಸನದ ಅಜ್ಜಿ:
ಮಗಳೇ, ಹಾಲಿಲ್ಲ ಅಂತ ಕೊರಗಬೇಡ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಸುಣ್ಣದಂಶ ಇದೆ. ರಾಗಿ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡು. ಆ ರಾಗಿ ಹಾಲನ್ನು ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವು. ತಳ ಬಿಡುವಷ್ಟು ಗಟ್ಟಿಯಾದಾಗ ಹಿಸುಕಿದ ಬಾಳೆಹಣ್ಣು ಸೇರಿಸಿ ಎಣ್ಣೆ ಸವರಿದ ತಟ್ಟೆಗೆ ಸುರಿ. ಆರಿದ ಮೇಲೆ ಹಾಲುಬಾಯಿ ಥರ ಕೊಯ್ದು ಉದ್ದುದ್ದ ತುಂಡು ಕೊಡು. ಬೆಲ್ಲ, ಉಪ್ಪು ಈಗ ಬೇಡ, ಜೇನುತುಪ್ಪವಂತೂ ವರ್ಷ ತುಂಬುವ ತನಕ ಮುಟ್ಟಿಸಬೇಡ. ಹೆಸರುಬೇಳೆ ಅನ್ನವನ್ನು ಮೆತ್ತಗೆ ಬೇಯಿಸಿ ಉಂಡೆ ಕಟ್ಟು. ಮುದ್ದೆ ಮಾತ್ರ ಈಗಲೇ ಬೇಡ, ಅಂಟಾಗಿ ಗಂಟಲಲ್ಲಿ ನಿಲ್ಲುತ್ತದೆ. ನೀವು ಮೊಟ್ಟೆ ತಿನ್ನುವವರಾದರೆ ಚೆನ್ನಾಗಿ ಬೆಂದ ಆಮ್ಲೆಟ್ ಕೊಡಬಹುದು. ಹೊಸದು ಯಾವುದೇ ಆಗಲಿ, ಒಂದೊಂದೇ, ಸ್ವಲ್ಪ ಸ್ವಲ್ಪ, ಬೆಳಗಿನ ಹೊತ್ತು ಕೊಟ್ಟು ನೋಡು.

ತುಮಕೂರಿನ ಅಮ್ಮ:
ಎಲ್ಲರಿಗೂ ತುಂಬ ಧನ್ಯವಾದ. ನಾಲ್ಕು ದಿನವಾಯಿತು. ಮೊದಲ ದಿನ ಸಿಹಿಕುಂಬಳ ಹಿಸುಕಿ ಕೂದಲಿಗೆಲ್ಲ ಮೆತ್ತಿಕೊಂಡಳು, ಹೊಟ್ಟೆಗೆ ಹೋಗಿದ್ದು ಅಷ್ಟಕ್ಕಷ್ಟೆ. ಇವತ್ತು ರಾಗಿ ತುಂಡು ಎರಡು ಪೂರ್ತಿ ತಿಂದಳು! ಒಂದು ಸಲ ಓಕರಿಸಿದಳು, ನನ್ನ ಕೈಕಾಲು ನಡುಗಿತು, ಆದರೆ ತಾನೇ ಉಗುಳಿ ಮತ್ತೆ ಅದನ್ನೇ ಬಾಯಿಗಿಟ್ಟಳು. ತುಪ್ಪದ ಬಗ್ಗೆ ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ, ರಾಗಿ ಹಿಂಡಿಕೊಟ್ಟಿದ್ದು ಅವರೇ. ಇನ್ನೊಂದು ಕೇಳಬೇಕು. ನಮ್ಮ ಕಾವಲಿ ಮೇಲೆ ದಿನಾ ತುಪ್ಪದ ದೋಸೆ ಹಾಕುತ್ತೇವೆ, ಅದರಲ್ಲೇ ಇವಳಿಗೂ ಹಾಕಬಹುದಾ?

ಪುತ್ತೂರಿನಿಂದ:
ಬೇಡ, ಇವಳಿಗೇ ಅಂತ ಒಂದು ಸಣ್ಣ ಕಾವಲಿ ಬೇರೆ ಇಡಿ. ಸೌಟು, ಮಗುಚುವ ಕೈಯೂ ಬೇರೆ.