ಹಮ್, ಬಝ್, ಹಿಸ್, ಕ್ರ್ಯಾಕಲ್: ರೆಕಾರ್ಡಿಂಗ್‌ನಲ್ಲಿ ಸೇರಿಕೊಳ್ಳುವ ಸದ್ದುಗಳಿಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ

ನಮಸ್ಕಾರ. ಮನೆಯಲ್ಲೇ ಕಂಪ್ಯೂಟರಿಗೆ ದನಿ ರೆಕಾರ್ಡ್ ಮಾಡಿಕೊಳ್ಳುವವರಿಗಾಗಿ ಒಂದು ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಮೈಕ್, ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಗೇನ್ (ಮೈಕಿನ ದನಿಯನ್ನು ಹಿಗ್ಗಿಸುವ ಪ್ರಮಾಣ), ಕೇಬಲ್ ಮುಂತಾದವನ್ನು ಎಲ್ಲರೂ ಹೇಳುವ ಹಾಗೆಯೇ ಇಟ್ಟುಕೊಂಡಿದ್ದೇವೆ, ಅಲ್ಲಿ ತಕರಾರಿಲ್ಲ. ತೊಡಕಿರುವುದು ದೋಷಗಳನ್ನು ಪತ್ತೆ ಮಾಡುವ ಅಧ್ಯಾಯದಲ್ಲಿ. ನಾಯ್ಸ್, ಹಮ್, ಬಝ್, ಹಿಸ್, ಕ್ಲಿಕ್, ಪಾಪ್, ಕ್ರ್ಯಾಕಲ್ ಎಲ್ಲಕ್ಕೂ ಮೊದಲ ಕರಡಿನಲ್ಲಿ ‘ಶಬ್ದ’ ಅಥವಾ ‘ಕರ್ಕಶ ಶಬ್ದ’ ಎಂದೇ ಬಂದುಬಿಟ್ಟಿದೆ. ನಿಘಂಟು ನೋಡಿ ತಿದ್ದಿದರೆ ಹಮ್‌ಗೆ ‘ಗುನುಗು’, ಬಝ್‌ಗೆ ‘ಝೇಂಕಾರ’, ಹಿಸ್‌ಗೆ ‘ಬುಸುಗುಟ್ಟುವಿಕೆ’ ಎಂದಾಗುತ್ತದೆ. ಓದುವಾಗ ಯಾವುದೂ ಕಿವಿಗೆ ಸರಿ ಕೂರುತ್ತಿಲ್ಲ. ಇವುಗಳಿಗೆ ಬಳಕೆಯಲ್ಲಿರುವ ಮಾತು ಯಾವುದು? ಇಲ್ಲವೆಂದಾದರೆ ಇಂಗ್ಲಿಷ್ ಹೆಸರುಗಳನ್ನೇ ಉಳಿಸಿಕೊಳ್ಳೋಣವೆ?

ಉತ್ತರ

ಉಳಿಸಿಕೊಳ್ಳುವುದು ಬೇಡ. ಸದ್ದನ್ನು ಹೆಸರಿಸುವುದರಲ್ಲಿ ಕನ್ನಡ ಬಹಳ ಶ್ರೀಮಂತ. ನಿಮ್ಮ ಓದುಗರು ಕಿವಿಗೆ ಬಿದ್ದದ್ದನ್ನು ಸರಿಯಾಗಿ ಹೆಸರಿಸಿದರೆ ದೋಷ ಎಲ್ಲಿದೆ ಎಂಬುದು ಅರ್ಧ ಗೊತ್ತಾದಂತೆಯೇ, ಏಕೆಂದರೆ ಒಂದೊಂದು ಸದ್ದಿಗೂ ಅದರದ್ದೇ ಕಾರಣವಿದೆ. ಆದ್ದರಿಂದ ಇಲ್ಲಿ ಪದದ ಆಯ್ಕೆ ಅಲಂಕಾರದ ಮಾತಲ್ಲ, ರಿಪೇರಿಯ ಮೊದಲ ಹೆಜ್ಜೆ.

ಮೊದಲು ‘ಶಬ್ದ’ವನ್ನು ಕೈಬಿಡಿ. ‘ಶಬ್ದ ಕಡಿಮೆ ಮಾಡಿ’ ಎಂದು ಬರೆದರೆ ಓದಿದವರು ವಾಲ್ಯೂಮ್ ಇಳಿಸುತ್ತಾರೆ. ‘ಶಬ್ದ ತೆಗೆಯಿರಿ’ ಎಂದರೆ ದನಿಯನ್ನೇ ಅಳಿಸಿಹಾಕುತ್ತಾರೆ. ಅದಕ್ಕೆ ‘ಪದ’ ಎಂಬ ಇನ್ನೊಂದು ಅರ್ಥ ಬೇರೆ ಇದೆ. ‘ಗದ್ದಲ’, ‘ಗಲಾಟೆ’, ‘ಗೌಜು’ ಮೂರರಲ್ಲೂ ಹಲವು ಬಾಯಿಗಳು ಸೇರಿವೆ, ಒಂದು ಕೇಬಲ್ ಗಲಾಟೆ ಮಾಡುವುದಿಲ್ಲ. ನನ್ನ ಸಲಹೆ: ಬೇಕಾದದ್ದಕ್ಕೆ ‘ದನಿ’, ಬೇಡದ್ದಕ್ಕೆ ‘ಸದ್ದು’. ಅಧ್ಯಾಯದ ಮೊದಲಲ್ಲಿ ಒಮ್ಮೆ ‘ಬೇಡದ ಸದ್ದು’ ಎಂದು ಪೂರ್ತಿ ಬರೆದರೆ ಮುಂದೆ ‘ಸದ್ದು’ ಎಂದಷ್ಟೇ ಸಾಕು.

ನಾಯ್ಸ್ ಫ್ಲೋರ್‌ಗೆ, ಅಂದರೆ ಯಾವ ದನಿಯೂ ಇಲ್ಲದಾಗಲೂ ಉಪಕರಣದಿಂದಲೇ ಬರುವ ಸದ್ದಿಗೆ, ‘ತಳಸದ್ದು’ ಎನ್ನಬಹುದು. ‘ಹಿನ್ನೆಲೆ ಸದ್ದು’ ಎಂಬುದನ್ನು ಕೋಣೆಯ ಫ್ಯಾನ್, ಹೊರಗಿನ ವಾಹನ, ಲ್ಯಾಪ್‌ಟಾಪಿನ ಗಾಳಿಬೀಸಣಿಗೆ ಇಂಥವಕ್ಕೆ ಕಾಯ್ದಿರಿಸಿ. ಇವೆರಡನ್ನೂ ಬೇರೆ ಮಾಡಲೇಬೇಕು, ಪರಿಹಾರವೇ ಬೇರೆ. ಬೇರ್ಪಡಿಸುವ ವಿಧಾನ ಹೀಗೆ: ಫ್ಯಾಂಟಮ್ ಪವರ್ (ಇಂಟರ್‌ಫೇಸಿನಿಂದ ಕೇಬಲ್ ಮೂಲಕ ಮೈಕಿಗೆ ಹೋಗುವ ಕರೆಂಟು) ಆರಿಸಿ, ಮೈಕ್ ಕೇಬಲನ್ನು ಇಂಟರ್‌ಫೇಸಿನಿಂದ ತೆಗೆಯಿರಿ. ಅದರ ಬದಲು 2 ಮತ್ತು 3ನೆಯ ಪಿನ್ನುಗಳ ನಡುವೆ 150 ಓಮ್ ರೆಸಿಸ್ಟರ್ ಬೆಸುಗೆ ಹಾಕಿದ ಎಕ್ಸ್‌ಎಲ್‌ಆರ್ ಪ್ಲಗ್ (ಮೈಕ್ ಕೇಬಲ್ಲಿಗಿರುವ ಮೂರು ಪಿನ್ನಿನ ಪ್ಲಗ್) ಸಿಕ್ಕಿಸಿ. ಗೇನ್ ಮುಟ್ಟದೆ 10 ಸೆಕೆಂಡ್ ರೆಕಾರ್ಡ್ ಮಾಡಿ. ಉಳಿದದ್ದು ಉಪಕರಣದ ತಳಸದ್ದು, ಹೋದದ್ದು ಮೈಕ್, ಕೇಬಲ್ ಅಥವಾ ಕೋಣೆಯದು. ಏನನ್ನೂ ಸಿಕ್ಕಿಸದೆ ಬರಿದೇ ಬಿಟ್ಟರೆ ಇನ್‌ಪುಟ್ ಸುತ್ತಲಿನದ್ದನ್ನೆಲ್ಲ ಎಳೆದುಕೊಂಡು ಇನ್ನಷ್ಟು ಸದ್ದು ಮಾಡುತ್ತದೆ, ಪರೀಕ್ಷೆ ದಾರಿ ತಪ್ಪುತ್ತದೆ.

ಇನ್ನು ಹೆಸರುಗಳು. ನಮ್ಮ ಅನುಕರಣ ಶಬ್ದಗಳಲ್ಲಿ ಸ್ವರವೇ ಸ್ಥಾಯಿಯನ್ನು ಹೇಳುತ್ತದೆ. ‘ಉ’ಕಾರ ‘ಒ’ಕಾರ ಇದ್ದರೆ ಸದ್ದು ಕೆಳಸ್ಥಾಯಿಯದು: ಗುಂಯ್, ಗುಡುಗುಡು, ಗೊರಗೊರ. ‘ಇ’ಕಾರ ಬಂದರೆ ಮೇಲುಸ್ಥಾಯಿ: ಜೀರ್, ಕಿರ್, ಚಿಂವ್. ಹಮ್ ಮತ್ತು ಬಝ್ ನಡುವೆ ಇರುವ ವ್ಯತ್ಯಾಸವೂ ಇದೇ.

ಹಮ್‌ಗೆ ‘ಗುಂಯ್ ಸದ್ದು’ ಎನ್ನಿ. ‘ಗುನುಗು’ ಮನುಷ್ಯರದು, ಅದರಲ್ಲಿ ರಾಗವಿದೆ, ಯಂತ್ರಕ್ಕೆ ಒಪ್ಪುವುದಿಲ್ಲ. ಗುಂಯ್ ಸದ್ದು ಒಂದೇ ಮಟ್ಟದಲ್ಲಿ ಎಳೆಯುತ್ತದೆ: ಕರೆಂಟಿನ ಆವರ್ತನವಾದ 50 ಹರ್ಟ್ಜ್ (ಕೆಲವು ದೇಶಗಳಲ್ಲಿ 60) ಮತ್ತು ಅದರ ಮೊದಲ ಕೆಲವು ಗುಣಕಗಳು (100, 150 ಹೀಗೆ). ಮೊದಲು ನೋಡಬೇಕಾದದ್ದು, ಸದ್ದು ಫೈಲಿನಲ್ಲಿ ಇದೆಯೋ ಅಥವಾ ಸ್ಪೀಕರಿನಲ್ಲಷ್ಟೇ ಕೇಳುತ್ತಿದೆಯೋ ಎಂಬುದು. ಅದೇ ಫೈಲನ್ನು ಬ್ಯಾಟರಿಯಲ್ಲಿ ನಡೆಯುವ ಬೇರೆ ಸಾಧನದಲ್ಲಿ ಹೆಡ್‌ಫೋನ್ ಹಾಕಿ ಕೇಳಿದರೆ ತಿಳಿಯುತ್ತದೆ. ಫೈಲಿನಲ್ಲಿ ಇದ್ದರೆ ಲ್ಯಾಪ್‌ಟಾಪಿನ ಅಡಾಪ್ಟರ್ ಕಿತ್ತು ಬ್ಯಾಟರಿಯ ಮೇಲೆ ರೆಕಾರ್ಡ್ ಮಾಡಿ. ಸದ್ದು ನಿಂತರೆ ಅದು ಹೆಚ್ಚಾಗಿ ಗ್ರೌಂಡ್ ಲೂಪ್: ಎರಡು ಉಪಕರಣಗಳು ಎರಡು ದಾರಿಯಲ್ಲಿ ಅರ್ತ್‌ಗೆ ಸೇರಿ, ಆ ಸುತ್ತಿನಲ್ಲಿ ಹರಿಯುವ ಸಣ್ಣ ಕರೆಂಟು ಕೇಬಲ್ಲಿನ ಶೀಲ್ಡ್ (ತಂತಿಗಳ ಸುತ್ತಲಿನ ಲೋಹದ ಹೊದಿಕೆ) ಮೂಲಕ ದನಿಯ ಜತೆ ಬೆರೆಯುತ್ತದೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕುವುದು, ಎರಡೂ ತುದಿಯಲ್ಲಿ ಬ್ಯಾಲೆನ್ಸ್ಡ್ ಸಾಕೆಟ್ ಇದ್ದರೆ ಬ್ಯಾಲೆನ್ಸ್ಡ್ ಕೇಬಲ್ (ದನಿಯನ್ನು ಎರಡು ತಂತಿಗಳಲ್ಲಿ ಒಯ್ದು, ದಾರಿಯಲ್ಲಿ ಸೇರಿದ ಸದ್ದನ್ನು ಕಳೆಯಲು ನೆರವಾಗುವಂಥದು) ಬಳಸುವುದು, ಕೊನೆಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ಎರಡು ಉಪಕರಣಗಳ ನಡುವಿನ ನೇರ ತಂತಿ ಸಂಪರ್ಕ ತಪ್ಪಿಸುವಂಥದು) ಇಡುವುದು, ಈ ಕ್ರಮದಲ್ಲಿ ಹೋಗಿ. ಪ್ಲಗ್ಗಿನ ಅರ್ತ್ ಪಿನ್ ತೆಗೆದುಹಾಕುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ನಿಮ್ಮ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಬೇಡವೆಂದು ಬರೆಯಿರಿ. ಆ ಪಿನ್ ಇರುವುದು ಜೀವ ಉಳಿಸಲು.

ಬ್ಯಾಟರಿಯ ಮೇಲೂ ಗುಂಯ್ ನಿಲ್ಲದಿದ್ದರೆ ಹತ್ತಿರದಲ್ಲಿ ಟ್ರಾನ್ಸ್‌ಫಾರ್ಮರ್ ಇದೆಯೇ ನೋಡಿ. ಅದರಿಂದ ಕೇಬಲ್ಲನ್ನು ಒಂದೆರಡು ಅಡಿ ಸರಿಸಿದರೂ ವ್ಯತ್ಯಾಸ ಕೇಳುತ್ತದೆ. ಕರೆಂಟಿನ ವೈರನ್ನು ಮೈಕ್ ಕೇಬಲ್ ದಾಟಲೇಬೇಕಾದರೆ ಅಡ್ಡಲಾಗಿ, ನೇರ ಕೋನದಲ್ಲಿ ದಾಟಲಿ. ಜತೆಜತೆಗೆ ಉದ್ದಕ್ಕೂ ಓಡಬಾರದು.

ಬಝ್‌ಗೆ ‘ಝೇಂಕಾರ’ ಬೇಡ. ಆ ಪದ ಹೂವು, ದುಂಬಿ, ಕಾವ್ಯದ ಜತೆ ಬಂದದ್ದು, ಕೇಳಿದರೆ ಹಿತವೆನಿಸುತ್ತದೆ. ಇಲ್ಲಿ ಬೇಕಾದದ್ದು ‘ಜೀರ್’. ಜೀರುಂಡೆ ಎಂಬ ಹೆಸರಿನಲ್ಲೇ ಆ ಸದ್ದು ಇದೆ. ಗುಂಯ್ ಸದ್ದಿಗೆ ಕರೆಂಟಿನ ಮೇಲಿನ ಗುಣಕಗಳು ನೂರಾರು ಹರ್ಟ್ಜ್‌ನಿಂದ ಸಾವಿರಾರು ಹರ್ಟ್ಜ್‌ವರೆಗೆ ಸೇರಿಕೊಂಡಾಗ ಅದು ಜೀರ್ ಆಗುತ್ತದೆ. ಕಾರಣ ಹೆಚ್ಚಾಗಿ ಲೈಟಿನ ಡಿಮ್ಮರ್, ಅಗ್ಗದ ಎಲ್‌ಇಡಿ ಬಲ್ಬು, ಚಾರ್ಜರ್. ಒಂದೊಂದನ್ನೇ ಆರಿಸುತ್ತ ಬಂದರೆ ಸಿಗುತ್ತದೆ. ಎಲೆಕ್ಟ್ರಿಕ್ ಗಿಟಾರಿನ ತಂತಿ ಮುಟ್ಟಿದ ಕೂಡಲೇ ಜೀರ್ ಕಡಿಮೆಯಾದರೆ ಗಿಟಾರಿನೊಳಗಿನ ಶೀಲ್ಡಿಂಗ್ ಸಾಲದು ಎಂದರ್ಥ. ಮುಟ್ಟಿದಾಗ ಹೆಚ್ಚಾದರೆ ಒಳಗೆ ತಂತಿಗೂ ಗ್ರೌಂಡ್‌ಗೂ ಇರಬೇಕಾದ ಸಂಪರ್ಕವನ್ನು ಪರೀಕ್ಷಿಸಿ.

ಇನ್ನೂ ಸಣ್ಣಗೆ, ಕಿವಿ ಚುಚ್ಚುವ ಹಾಗೆ ಬರುವುದು ‘ಕೀಂ’. ಯುಎಸ್‌ಬಿ ಫುಲ್ ಸ್ಪೀಡ್‌ನಲ್ಲಿ ಸೆಕೆಂಡಿಗೆ 1000 ಸಲ, ಹೈ ಸ್ಪೀಡ್‌ನಲ್ಲಿ 8000 ಸಲ ದತ್ತಾಂಶದ ಕಂತು ಕಳಿಸುತ್ತದೆ. ಆ ಲಯ ಪವರ್ ಲೈನಿಗೆ ಸೋರಿದರೆ ಅದೇ ಆವರ್ತನದಲ್ಲಿ ಕೀಂ ಎನ್ನುತ್ತದೆ. ಮೌಸ್ ಆಡಿಸಿದಾಗ ಸದ್ದು ಬದಲಾಗುವುದು ಕಂಪ್ಯೂಟರಿನದೇ ಎಂಬುದಕ್ಕೆ ಇನ್ನೊಂದು ಗುರುತು. ಬೇರೆ ಪೋರ್ಟ್, ಗಿಡ್ಡ ಕೇಬಲ್, ಸ್ವಂತ ಅಡಾಪ್ಟರ್ ಇರುವ ಹಬ್ ಬಳಸಿ ನೋಡಿ.

ಹಿಸ್‌ಗೆ ‘ಬುಸ್’ ಬೇಡ ಎನ್ನಲು ಕಾರಣವಿದೆ. ಬುಸ್ ಎನ್ನುವುದರಲ್ಲಿ ಉಸಿರಿನ ಏರಿಳಿತವಿದೆ: ಹಾವು ಬುಸುಗುಟ್ಟಿ ನಿಲ್ಲಿಸುತ್ತದೆ, ಮತ್ತೆ ಬುಸುಗುಟ್ಟುತ್ತದೆ. ಪ್ರೀಆಂಪಿನ (ಮೈಕಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಭಾಗದ) ಹಿಸ್ ನಿಲ್ಲುವುದೇ ಇಲ್ಲ. ಮಳೆ ‘ಸೋ’ ಎಂದು ಸುರಿಯುತ್ತದೆ ಎನ್ನುತ್ತೇವಲ್ಲ, ಆ ‘ಸೋ’ ಇಲ್ಲಿ ಅಚ್ಚುಕಟ್ಟಾಗಿ ಹೊಂದುತ್ತದೆ. ಮಳೆಯ ಸದ್ದಿನಲ್ಲೂ ಎಲ್ಲ ಆವರ್ತನಗಳೂ ಬೆರೆತಿರುತ್ತವೆ, ಇದರಲ್ಲೂ ಹಾಗೆಯೇ. ಮೂಲದಲ್ಲಿ ಇದು ಬಿಸಿಯ ಫಲ. ವಾಹಕದೊಳಗಿನ ಎಲೆಕ್ಟ್ರಾನುಗಳ ಚಡಪಡಿಕೆಯನ್ನು ವಿಜ್ಞಾನಿ ಜಾನ್ಸನ್ ಅಳೆದದ್ದು, ಇನ್ನೊಬ್ಬ ವಿಜ್ಞಾನಿ ನೈಕ್ವಿಸ್ಟ್ ಲೆಕ್ಕದಲ್ಲಿ ವಿವರಿಸಿದ್ದು, ಎರಡೂ 1928ರಲ್ಲಿ ಪ್ರಕಟವಾದವು. ಹಾಗಾಗಿ ಸೋ ಸದ್ದನ್ನು ಪೂರ್ತಿ ಅಳಿಸಲಾಗದು, ದನಿಯ ಕೆಳಗೆ ತಳ್ಳಬಹುದು ಅಷ್ಟೆ. ಕೇಬಲ್ ಬದಲಿಸಿದರೆ ಇದು ಹೋಗುವುದಿಲ್ಲ. ಬಾಯಿಯಿಂದ 30 ಸೆಂಟಿಮೀಟರ್ ದೂರವಿದ್ದ ಮೈಕನ್ನು 15ಕ್ಕೆ ತಂದರೆ ನೇರ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಅಷ್ಟೇ ಗೇನ್ ಇಳಿಸಬಹುದು. ಮಿದುವಾಗಿ ಮಾತಾಡುವವರಿಗೆ ಡೈನಾಮಿಕ್ ಮೈಕ್ (ಇದು ಕೊಡುವ ಸಂಕೇತ ಸಣ್ಣದು) ಕೊಟ್ಟರೆ 60 ಡೆಸಿಬೆಲ್‌ನಷ್ಟು ಗೇನ್ ಬೇಕಾಗುತ್ತದೆ. ಅಗ್ಗದ ಪ್ರೀಆಂಪುಗಳು ಸೋ ಎನ್ನುವುದು ಆಗಲೇ.

ಕ್ಲಿಕ್, ಪಾಪ್, ಕ್ರ್ಯಾಕಲ್‌ಗೆ ಬಂದರೆ ಕನ್ನಡದ ದ್ವಿರುಕ್ತಿ ಇಂಗ್ಲಿಷಿಗಿಂತ ಹೆಚ್ಚು ಹೇಳುತ್ತದೆ. ‘ಚಟ್’ ಎಂದರೆ ಒಂದೇ ಸಲ. ‘ಚಟ್ ಚಟ್’ ಎಂದರೆ ಬಿಟ್ಟು ಬಿಟ್ಟು, ಒಂದೇ ಅಂತರದಲ್ಲಿ. ‘ಚಟಪಟ’ ಎಂದರೆ ಲೆಕ್ಕಕ್ಕೆ ಸಿಗದಂತೆ, ಸಣ್ಣದು ದೊಡ್ಡದು ಬೆರೆತು. ಮೂರಕ್ಕೂ ಕಾರಣ ಬೇರೆ. ಎಡಿಟ್ ಮಾಡಿದ ಜಾಗದಲ್ಲೇ ಒಮ್ಮೆ ಚಟ್ ಎಂದರೆ ಅಲೆಯನ್ನು ಸೊನ್ನೆಯ ಗೆರೆಯಲ್ಲದ ಕಡೆ ಕತ್ತರಿಸಿದ್ದೀರಿ, 5 ಮಿಲಿಸೆಕೆಂಡಿನ ಫೇಡ್ ಕೊಟ್ಟರೆ ಹೋಗುತ್ತದೆ. ಕ್ರಮ ತಪ್ಪದೆ ಚಟ್ ಚಟ್ ಎನ್ನುತ್ತಿದ್ದರೆ ಎರಡು ಡಿಜಿಟಲ್ ಉಪಕರಣಗಳ ಗಡಿಯಾರ ಹೊಂದಿಲ್ಲ: ಒಂದನ್ನು ಒಡೆಯನನ್ನಾಗಿ ಮಾಡಿ ಇನ್ನೊಂದನ್ನು ಅದಕ್ಕೆ ಸಿಂಕ್ ಮಾಡಿ. ಚಟಪಟ ಎಂದರೆ ಮೊದಲು ಕೇಬಲ್ ಅಲುಗಾಡಿಸಿ ನೋಡಿ, ಸದ್ದು ಜತೆಗೇ ಬಂದರೆ ಜಾಯಿಂಟ್ ಸಡಿಲವಿದೆ ಅಥವಾ ಒಳಗೆ ಎಳೆ ತುಂಡಾಗಿದೆ. ನಾಬ್ ತಿರುಗಿಸುವಾಗ ಮಾತ್ರ ‘ಕರಕರ’ ಎಂದರೆ ಅದರೊಳಗೆ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಅಲುಗಾಡಿಸಿದರೂ ವ್ಯತ್ಯಾಸವಿಲ್ಲ, ಕಂಪ್ಯೂಟರಿಗೆ ಕೆಲಸ ಹೆಚ್ಚಾದಾಗಲೇ ಬರುತ್ತದೆ ಎಂದಾದರೆ ಬಫರ್ (ದನಿಯ ಸ್ಯಾಂಪಲ್ಲುಗಳನ್ನು ಸಂಸ್ಕರಿಸುವ ಮುನ್ನ ಕೂಡಿಡುವ ಜಾಗ) ಚಿಕ್ಕದಾಯಿತು. 44100 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 44100 ಸ್ಯಾಂಪಲ್ (ದನಿಯ ಅಳತೆ) ತೆಗೆಯುವಾಗ, ಬಫರ್ 128 ಸ್ಯಾಂಪಲ್ ಎಂದರೆ ಕಂಪ್ಯೂಟರಿಗೆ ಸಿಗುವ ಬಿಡುವು 2.9 ಮಿಲಿಸೆಕೆಂಡ್. 512 ಮಾಡಿದರೆ 11.6 ಸಿಗುತ್ತದೆ.

ಪಾಪ್ ಪದದಲ್ಲಿ ಇಂಗ್ಲಿಷೇ ಎರಡು ದೋಷಗಳನ್ನು ಬೆರೆಸಿದೆ. ಉಪಕರಣ ಆನ್ ಮಾಡಿದಾಗ ಬರುವುದು ‘ಡಬ್’. ‘ಪ’ ಎಂದಾಗ ಬಾಯಿಗಾಳಿ ಮೈಕಿಗೆ ಬಡಿಯುವುದು ಬೇರೆ. ಅದಕ್ಕೆ ಹೊಸ ಪದ ಹುಡುಕಬೇಕಿಲ್ಲ, ವ್ಯಾಕರಣ ಕೊಟ್ಟಿರುವ ‘ಓಷ್ಠ್ಯ’ (ತುಟಿಗಳಿಂದ ಹುಟ್ಟುವ ಅಕ್ಷರ) ಇದೆ: ‘ಓಷ್ಠ್ಯದ ಹೊಡೆತ’ ಎನ್ನಿ. ಪ, ಬ ಬಡಿಯುತ್ತವೆ, ಮಹಾಪ್ರಾಣವಾದ ಫ, ಭ ಇನ್ನೂ ಜೋರಾಗಿ. ಮೈಕಿಗೆ ಪಾಪ್ ಫಿಲ್ಟರನ್ನು (ಬಾಯಿಗಾಳಿ ತಡೆಯುವ ಪರದೆ) ಅಂಟಿಸದೆ 5ರಿಂದ 10 ಸೆಂಟಿಮೀಟರ್ ಮುಂದೆ ಇಡಿ, ಮೈಕನ್ನು ಬಾಯಿಯ ನೇರದಿಂದ ತುಸು ಪಕ್ಕಕ್ಕೆ ಓರೆಮಾಡಿ, 80 ಹರ್ಟ್ಜ್‌ನ ಹೈ ಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ಆವರ್ತನಗಳನ್ನು ತಗ್ಗಿಸುವಂಥದು) ಹಾಕಿ. ಸಿಬಿಲೆನ್ಸ್‌ಗೂ, ಅಂದರೆ ಸಕಾರದಂಥ ಅಕ್ಷರಗಳು ಕಿವಿ ಚುಚ್ಚುವುದಕ್ಕೂ, ಹೀಗೆಯೇ ‘ಊಷ್ಮದ ಚೂಪು’ ಎನ್ನಬಹುದು: ಶ, ಷ, ಸ ಮೂರೂ ಊಷ್ಮಗಳು. ಚೂಪಾಗುವುದು ಹೆಚ್ಚಾಗಿ 5000ದಿಂದ 8000 ಹರ್ಟ್ಜ್ ನಡುವೆ.

ಮರುಪ್ರಶ್ನೆ

ಇಷ್ಟು ಬಿಡಿಸಿ ಬರೆದದ್ದಕ್ಕೆ ಧನ್ಯವಾದ. ಎರಡು ಅನುಮಾನ. ಕ್ಲಿಪ್ಪಿಂಗ್‌ಗೆ (ದನಿ ಮಿತಿ ಮೀರಿ ಅಲೆಯ ತುದಿ ತುಂಡಾಗುವುದಕ್ಕೆ) ನಾವು ‘ಕತ್ತರಿಕೆ’ ಎಂದಿದ್ದೆವು, ಎಡಿಟಿಂಗ್ ಎಂದು ತಿಳಿಯುವವರೇ ಹೆಚ್ಚು. ಇನ್ನೊಂದು, ‘ಗುಂಯ್’, ‘ಚಟ್’ ಇಂಥವನ್ನು ಹೆಸರಾಗಿಯೂ ಕ್ರಿಯಾಪದವಾಗಿಯೂ ಬಳಸುವಾಗ ರೂಪ ಹೇಗಿರಬೇಕು? ಸಂಪಾದಕರು ಇವು ಆಡುಮಾತು ಎನ್ನುತ್ತಿದ್ದಾರೆ.

ಉತ್ತರ

ಕ್ಲಿಪ್ಪಿಂಗ್‌ಗೆ ಜನ ಹೇಳುವುದು ‘ದನಿ ಒಡೆಯುತ್ತಿದೆ’ ಎಂದು. ಅದನ್ನೇ ಇಡಿ. ‘ಕತ್ತರಿಕೆ’ ತೆರೆಯ ಮೇಲೆ ಅಲೆಯ ತಲೆ ಹಾರಿಹೋಗಿರುವ ಆಕಾರವನ್ನು ಹೇಳುತ್ತದೆ, ‘ಒಡೆಯುವುದು’ ಕಿವಿಗೆ ಕೇಳುವುದನ್ನು ಹೇಳುತ್ತದೆ. ದೋಷ ಹುಡುಕುವವರಿಗೆ ಎರಡನೆಯದೇ ಬೇಕು. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಅತಿ ಜೋರಾದ ಕ್ಷಣವೂ ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್‌ನ ಆಸುಪಾಸಿನಲ್ಲಿ ನಿಲ್ಲಲಿ. ಸೊನ್ನೆ ಮುಟ್ಟಿದರೆ ಒಡೆಯಿತು, ಆಮೇಲೆ ವಾಲ್ಯೂಮ್ ಇಳಿಸಿದರೂ ಒಡೆದದ್ದು ಕೂಡುವುದಿಲ್ಲ.

ರೂಪದ ಬಗ್ಗೆ: ನಿಲ್ಲದೆ ಎಳೆಯುವುದಕ್ಕೆ ‘ಗುಟ್ಟು’ ಹಚ್ಚಿ, ‘ಗುಂಯ್‌ಗುಟ್ಟು’, ‘ಜೀರ್‌ಗುಟ್ಟು’. ಪಿಸುಗುಟ್ಟು, ಗೊಣಗುಟ್ಟು ಬರಹದಲ್ಲಿ ನಿಂತಿರುವಾಗ ಇವನ್ನು ಆಡುಮಾತೆಂದು ತಳ್ಳುವಂತಿಲ್ಲ. ಕ್ಷಣದ ಸದ್ದಿಗೆ ‘ಅನೆ’: ಚಟ್ಟನೆ, ಡಬ್ಬನೆ. ಈ ಭೇದವನ್ನು ಕಡೆಗಣಿಸಬೇಡಿ, ಸಾಫ್ಟ್‌ವೇರಿನ ಆಯ್ಕೆಯೂ ಇದರ ಮೇಲೇ ನಿಂತಿದೆ. ಗುಂಯ್‌ಗುಟ್ಟುವುದನ್ನೂ ಸೋ ಎನ್ನುವುದನ್ನೂ ನಾಯ್ಸ್ ರಿಡಕ್ಷನ್ ಇಳಿಸುತ್ತದೆ, ಏಕೆಂದರೆ ಒಂದೆರಡು ಸೆಕೆಂಡಿನ ಮಾದರಿ ಕೊಟ್ಟರೆ ಉಳಿದದ್ದೂ ಹಾಗೇ ಇರುತ್ತದೆ. ಚಟ್ಟನೆ ಬಂದು ಹೋಗುವುದಕ್ಕೆ ಮಾದರಿಯೇ ಸಿಗುವುದಿಲ್ಲ, ಅದಕ್ಕೆ ಕ್ಲಿಕ್ ತೆಗೆಯುವ ಸಲಕರಣೆ ಬೇರೆಯೇ ಇದೆ.

ಕೈಪಿಡಿಯ ಒಂದು ನಮೂದನ್ನು ಹೀಗೆ ಬರೆದು ನೋಡಿ:

‘ಸೋ ಸದ್ದು. ಮಳೆ ಸುರಿದ ಹಾಗೆ, ಏರಿಳಿತವಿಲ್ಲದೆ, ಮಾತು ನಿಂತಾಗ ಎದ್ದು ಕೇಳುತ್ತದೆ. ಮೈಕನ್ನು ಬಾಯಿಗೆ ಹತ್ತಿರ ತನ್ನಿ, ಗೇನ್ ಇಳಿಸಿ. ಉಳಿದದ್ದನ್ನು ನಾಯ್ಸ್ ರಿಡಕ್ಷನ್‌ನಲ್ಲಿ 6ರಿಂದ 12 ಡೆಸಿಬೆಲ್ ಮಾತ್ರ ತಗ್ಗಿಸಿ. ಇನ್ನೂ ಎಳೆದರೆ ದನಿ ನೀರಿನೊಳಗಿಂದ ಬಂದಂತೆ ಗುಳುಗುಳು ಎನ್ನುತ್ತದೆ. ಹಾಗೆ ಕೇಳಿದ ಕೂಡಲೇ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ.’