ಅಪ್‌ಡೇಟ್: ತಮ್ಮನಿಗೆ ಬಂದದ್ದು ಕ್ಷಯವಲ್ಲ, ಹಿಸ್ಟೋಪ್ಲಾಸ್ಮೋಸಿಸ್

ಅಮೆರಿಕದ ಇಂಡಿಯಾನಾದಲ್ಲಿರುವ ನನ್ನ ತಮ್ಮನಿಗೆ ತೋಟದ ಹಳೆಯ ಕೋಳಿಮನೆ ಕೆಡವಿದ ಮೇಲೆ ಜ್ವರ, ಒಣಕೆಮ್ಮು ಬಂದು ಎಕ್ಸ್‌ರೇಯಲ್ಲಿ ಗಂಟುಗಳು ಕಂಡಿವೆ, ಕ್ಷಯವಿರಬಹುದೇ ಎಂದು ಕೇಳಿದ್ದೆ. ಮೂತ್ರದ ಆಂಟಿಜೆನ್ ಪರೀಕ್ಷೆ (ರೋಗಾಣುವಿನ ಅಂಶಗಳನ್ನು ಹುಡುಕುವ ಪರೀಕ್ಷೆ) ಮಾಡಿಸಲು ಹೇಳಿದವರಿಗೆ ನಮ್ಮ ಮನೆಯವರೆಲ್ಲರ ಕೃತಜ್ಞತೆ. ಅದರಲ್ಲೇ ಹಿಸ್ಟೋಪ್ಲಾಸ್ಮೋಸಿಸ್, ಅಂದರೆ ಒಂದು ಶಿಲೀಂಧ್ರದಿಂದ ಶ್ವಾಸಕೋಶಕ್ಕೆ ತಗಲುವ ಸೋಂಕು, ಪತ್ತೆಯಾಯಿತು.

ಒಹಾಯೊ, ಮಿಸಿಸಿಪ್ಪಿ ನದಿಕಣಿವೆಗಳ ಮಣ್ಣಿನಲ್ಲಿ ಈ ಶಿಲೀಂಧ್ರ ಸಾಮಾನ್ಯವಂತೆ. ಕೋಳಿಗಳಿಗೆ ಸೋಂಕು ಇರುವುದಿಲ್ಲ. ಅವುಗಳ ಹಿಕ್ಕೆ ಬೆರೆತ ಮಣ್ಣಿನಲ್ಲಿ ಶಿಲೀಂಧ್ರ ಹುಲುಸಾಗಿ ಬೆಳೆದು, ದೂಳೆದ್ದಾಗ ಅದರ ಕಣಗಳು ಉಸಿರಿನೊಂದಿಗೆ ಒಳಸೇರುತ್ತವೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಎಂದು ವೈದ್ಯರು ಹೇಳಿದಾಗ, ಮೊಮ್ಮಗಳ ಚಿಂತೆಯಲ್ಲಿದ್ದ ಅಮ್ಮ ಫೋನಿನಲ್ಲೇ ಅತ್ತುಬಿಟ್ಟರು.

ಹೆಚ್ಚಿನವರಿಗೆ ಔಷಧಿಯಿಲ್ಲದೆಯೇ ವಾಸಿಯಾಗುತ್ತದೆ. ಇವನಿಗೆ ತಿಂಗಳು ದಾಟಿದ್ದರಿಂದ ಇಟ್ರಕೊನಜೋಲ್ ಎಂಬ ಶಿಲೀಂಧ್ರನಾಶಕ ಕ್ಯಾಪ್ಸೂಲ್ ಕೊಟ್ಟಿದ್ದಾರೆ. ಕನಿಷ್ಠ 6 ವಾರ, ಬೇಕಾದರೆ 12. ಊಟದ ಜೊತೆಗೇ ನುಂಗಬೇಕು. ಆಸಿಡಿಟಿ ಮಾತ್ರೆಯಿಂದ ಈ ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲವೆಂದು ಆ ಆಸಿಡಿಟಿ ಮಾತ್ರೆಯನ್ನು ನಿಲ್ಲಿಸಿದರು. ಇದನ್ನು ಯಾರೂ ಮರೆಯಬೇಡಿ, ವೈದ್ಯರಿಗೆ ನಿಮ್ಮ ಎಲ್ಲ ಮಾತ್ರೆಗಳ ಹೆಸರನ್ನೂ ಹೇಳಿ.

ಜ್ವರ ಬಿಟ್ಟಿದೆ, ಸುಸ್ತು ಇನ್ನೂ ಇದೆ. ಕೋಳಿಮನೆಯ ಉಳಿದ ಭಾಗವನ್ನು ಇಂಥ ಕೆಲಸದಲ್ಲಿ ಪಳಗಿದವರು, ದೂಳೇಳದಂತೆ ನೀರು ಚಿಮುಕಿಸಿ, ರಕ್ಷಣಾ ಮುಖಗವಸು ಧರಿಸಿ ತೆಗೆಯಲಿದ್ದಾರೆ.