ಕೂಲಂಟ್ ಟ್ಯಾಂಕ್ ಸೋರುತ್ತಿದೆ: ಅಂಟಿಸೋದಾ, ಬದಲಿಸೋದಾ?

ಪ್ರಶ್ನೆ: ನಮಸ್ಕಾರ ಸರ್. 2014ರ ಡೀಸೆಲ್ ಕಾರು, 1.10 ಲಕ್ಷ ಕಿ.ಮೀ. ಓಡಿದೆ. ಚಾರ್ಮಾಡಿ ಘಾಟಿ ಹತ್ತಿದ ಮೇಲೆ ಬಾನೆಟ್ ಎತ್ತಿ ನೋಡಿದರೆ ಕೂಲಂಟ್ (ಎಂಜಿನ್ ತಣಿಸುವ ದ್ರವ) ಟ್ಯಾಂಕಿನ ಕೆಳಗೆ ಒದ್ದೆ. ಟ್ಯಾಂಕಿನ ನಡುವೆ ಸುತ್ತಲೂ ಇರುವ ಗೆರೆಯಲ್ಲಿ ಗುಲಾಬಿ ಪುಡಿ ಕಟ್ಟಿದೆ. ಬೆಳಿಗ್ಗೆ ತಣ್ಣಗಿದ್ದಾಗ ಒಂದು ಹನಿಯೂ ಇಲ್ಲ. ವಾರಕ್ಕೆ ಕಾಲು ಲೀಟರ್ ಇಳಿಯುತ್ತಿದೆ. ಎರಡು ಉಂಡೆ ಕಲಸಿ ಹಚ್ಚುವ ಎಪಾಕ್ಸಿ ಮೆತ್ತಿದೆ, ಎರಡೇ ದಿನಕ್ಕೆ ಎದ್ದು ಬಂತು. ಮನೆಯಲ್ಲೇ ಸರಿ ಮಾಡಬಹುದಾ?

ಉತ್ತರ: ಟ್ಯಾಂಕ್ ಬದಲಿಸುವ ಕೆಲಸ ಮನೆಯಲ್ಲೇ ಆಗುತ್ತದೆ. ಅಂಟಿಸುವುದನ್ನು ಮಾತ್ರ ಕೈಬಿಡಿ. ನಿಮ್ಮ ಟ್ಯಾಂಕ್ ಎರಡು ಅರ್ಧಗಳನ್ನು ಬಿಸಿಯಲ್ಲಿ ಬೆಸೆದು ಮಾಡಿದ್ದು. ಪುಡಿ ಕಟ್ಟಿರುವ ಗೆರೆಯೇ ಆ ಬೆಸುಗೆ. ಎಂಜಿನ್ ಕಾದಾಗ ಒಳಗೆ ಸುಮಾರು 1 ಬಾರ್‌ಗಿಂತ ಹೆಚ್ಚು ಒತ್ತಡ ಏಳುತ್ತದೆ, ಗೆರೆ ಕೂದಲೆಳೆಯಷ್ಟು ಬಾಯಿ ಬಿಡುತ್ತದೆ. ತಣ್ಣಗಾದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಹನಿ ಕಾಣದಿರುವುದು ಅದಕ್ಕೇ.

ಎಪಾಕ್ಸಿ ಏಕೆ ನಿಲ್ಲಲಿಲ್ಲ ಎಂದರೆ ಇಂಥ ಟ್ಯಾಂಕ್ ಬಹುತೇಕ ಪಾಲಿಪ್ರೊಪಿಲೀನ್. ತಳದಲ್ಲಿ ‘ಪಿಪಿ’ ಎಂದು ಅಚ್ಚಾಗಿರುತ್ತದೆ, ನೋಡಿ. ಈ ಪ್ಲಾಸ್ಟಿಕ್ಕಿಗೆ ಎಪಾಕ್ಸಿಯಾಗಲಿ, ಕ್ಷಣದಲ್ಲಿ ಅಂಟುವ ಗೋಂದಾಗಲಿ ಹಿಡಿಯುವುದಿಲ್ಲ. ಜೊತೆಗೆ ಟ್ಯಾಂಕ್ ಕಾದಾಗ ಹಿಗ್ಗುತ್ತದೆ, ಒಣಗಿದ ಎಪಾಕ್ಸಿ ಅಷ್ಟು ಹಿಗ್ಗುವುದಿಲ್ಲ. ಚಕ್ಕೆಯಾಗಿ ಏಳಲೇಬೇಕು.

ಹೊಸ ಟ್ಯಾಂಕ್ ತರುವಾಗ ಹೊಸ ಕ್ಯಾಪ್ ಕೂಡ ತನ್ನಿ. ಕ್ಯಾಪಿನೊಳಗಿನ ಸ್ಪ್ರಿಂಗ್ ವಾಲ್ವ್ ಅಂಟಿಕೊಂಡರೆ ಹೆಚ್ಚಾದ ಒತ್ತಡ ಹೊರಗೆ ಹೋಗುವುದಿಲ್ಲ, ಹೊಸ ಟ್ಯಾಂಕೂ ಅದೇ ಗೆರೆಯಲ್ಲಿ ಸೀಳುತ್ತದೆ. ಹಳೆಯ ಕ್ಯಾಪಿನ ಮೇಲೆ 1.1 ಅಥವಾ 1.4 ಹೀಗೆ ಬರೆದಿರುತ್ತದೆ, ಹೊಸದರಲ್ಲೂ ಅದೇ ಅಂಕಿ ಇರಬೇಕು. ಹೆಚ್ಚಿನ ಅಂಕಿಯದು ಗಟ್ಟಿ ಅಂದುಕೊಂಡು ಹಾಕಬೇಡಿ. ಕಡಿಮೆಯದೂ ಬೇಡ: 1.1 ಬಾರ್ ಒತ್ತಡದಲ್ಲಿ ಬರೀ ನೀರು ಕುದಿಯುವುದೇ ಸುಮಾರು 121 ಡಿಗ್ರಿಗೆ, ಒತ್ತಡ ಇಳಿದರೆ ಕುದಿಬಿಂದುವೂ ಇಳಿಯುತ್ತದೆ.

ಪ್ರಶ್ನೆ: ಬಿಚ್ಚುವ ಕ್ರಮ ಹೇಳಿ ಸರ್. ಕೂಲಂಟ್ ಪೂರ್ತಿ ಖಾಲಿ ಮಾಡಬೇಕಾ?

ಉತ್ತರ: ಬೇಡ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆಯೇ ಕೆಲಸ ಶುರು ಮಾಡಿ. ಬಿಸಿ ಇದ್ದಾಗ ಕ್ಯಾಪ್ ತೆಗೆದರೆ ಕುದಿಯುವ ಕೂಲಂಟ್ ಮುಖಕ್ಕೆ ಹಾರುತ್ತದೆ, ಇದರಲ್ಲಿ ಅವಸರ ಬೇಡವೇ ಬೇಡ. ಕ್ಯಾಪ್ ಮೇಲೆ ಬಟ್ಟೆ ಹಾಕಿ ನಿಧಾನ ತಿರುಗಿಸಿ. ಟ್ಯಾಂಕಿನಲ್ಲಿರುವುದನ್ನು ದೊಡ್ಡ ಸಿರಿಂಜಿಗೆ ತೆಳು ಪೈಪ್ ಸಿಕ್ಕಿಸಿ ಎಳೆದು ಶುದ್ಧವಾದ ಡಬ್ಬಿಗೆ ತೆಗೆಯಿರಿ. ಟ್ಯಾಂಕ್ ಹಿಡಿದಿರುವುದು ಸಾಮಾನ್ಯವಾಗಿ ಒಂದೆರಡು 10 ಎಂಎಂ ಬೋಲ್ಟ್. ಕೆಲವು ಗಾಡಿಗಳಲ್ಲಿ ತಳದಲ್ಲಿ ಲೆವೆಲ್ ಸೆನ್ಸರ್ ಕನೆಕ್ಟರ್ ಇರುತ್ತದೆ, ಲಾಕ್ ಒತ್ತಿಯೇ ಎಳೆಯಿರಿ.

ಮೇಲಿನ ತೆಳು ಪೈಪ್ ಮೊದಲು, ಕೆಳಗಿನ ದಪ್ಪ ಪೈಪ್ ಕೊನೆಗೆ. ಸ್ಪ್ರಿಂಗ್ ಕ್ಲಿಪ್ಪಿನ ಎರಡು ಕಿವಿಗಳನ್ನು ಪ್ಲೇಯರ್‌ನಲ್ಲಿ ಒತ್ತಿ ಹಿಂದಕ್ಕೆ ಸರಿಸಿ. ಪೈಪನ್ನು ನೇರ ಎಳೆಯಬೇಡಿ, ಮೊದಲು ತಿರುಚಿ ಅಂಟು ಬಿಡಿಸಿ. ಹತ್ತು ವರ್ಷ ಹಬೆ ಕುಡಿದ ಪ್ಲಾಸ್ಟಿಕ್ ಬಿಸ್ಕತ್ತಿನಂತೆ ಮುರಿಯುತ್ತದೆ. ಟ್ಯಾಂಕಿನ ಮೂತಿ ಮುರಿದರೆ ಚಿಂತೆಯಿಲ್ಲ, ಹೇಗೂ ಎಸೆಯುವುದೇ. ರೇಡಿಯೇಟರ್ ಕಡೆಯ ಮೂತಿ ಮುರಿದರೆ ಖರ್ಚು ಎಲ್ಲಿಗೋ ಹೋಗುತ್ತದೆ, ಅದಕ್ಕೆ ಪೈಪನ್ನು ಟ್ಯಾಂಕ್ ಕಡೆಯಿಂದಲೇ ಬಿಡಿಸಿ. ದಪ್ಪ ಪೈಪ್ ತೆಗೆದ ತಕ್ಷಣ ಅದರ ಬಾಯಿ ಮೇಲಕ್ಕೆತ್ತಿ ಹಿಡಿದರೆ ನಷ್ಟ ಕಡಿಮೆ. ಆದರೂ ಕೆಳಗೊಂದು ಬಕೆಟ್ ಇರಲಿ.

ಹೊಸ ಟ್ಯಾಂಕಿನ ಮೂತಿಯ ಸುತ್ತ ಬೆರಳಾಡಿಸಿ. ಅಚ್ಚಿನ ಅಂಚು ಎದ್ದಿದ್ದರೆ ಬ್ಲೇಡಿನಲ್ಲಿ ಸವರಿ, ಇಲ್ಲದಿದ್ದರೆ ಪೈಪ್ ಅಲ್ಲೇ ಜಿನುಗುತ್ತದೆ. ಒಳಗೆ ಚೂರು ಪಾರು ಉಳಿದಿರಬಹುದು, ಡಿಸ್ಟಿಲ್ಡ್ ನೀರಿನಲ್ಲಿ ಕುಲುಕಿ ಚೆಲ್ಲಿ. ಪೈಪ್ ಹತ್ತದಿದ್ದರೆ ಸ್ವಲ್ಪ ಕೂಲಂಟನ್ನೇ ಸವರಿ. ಗ್ರೀಸ್ ಬೇಡ, ರಬ್ಬರ್ ಊದುತ್ತದೆ.

ಪ್ರಶ್ನೆ: ಪೈಪುಗಳೊಳಗೆ ಸೇರಿಕೊಂಡ ಗಾಳಿ ತೆಗೆಯುವುದು ಹೇಗೆ?

ಉತ್ತರ: ಎಲ್ಲರೂ ಎಡವುವ ಜಾಗ ಇದು. ‘ಮ್ಯಾಕ್ಸ್’ ಗೆರೆಯ ತನಕ ನಿಧಾನ ಸುರಿಯಿರಿ, ದಪ್ಪ ಪೈಪನ್ನು ಕೈಯಲ್ಲಿ ಹಿಸುಕುತ್ತಿರಿ, ಗುಳುಗುಳು ಎಂದು ಗುಳ್ಳೆ ಬರುತ್ತದೆ. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ ಬಿಗಿ ಮಾಡಿ. ಕ್ಯಾಪ್ ಹಾಕಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಎಸಿ ಬಂದ್ ಮಾಡಿ, ರೇಡಿಯೇಟರ್ ಫ್ಯಾನ್ ಎರಡು ಸಲ ಹತ್ತಿ ಆರುವವರೆಗೆ ಎಂಜಿನ್ ಓಡಲಿ. ಒಳಗೆ ಬಿಸಿ ಗಾಳಿ ಬರುತ್ತಿದ್ದರೆ ಸರಿ. ಎಂಜಿನ್ ಕಾದಿದ್ದೂ ತಣ್ಣನೆ ಗಾಳಿ ಬಂದರೆ ಏರ್‌ಲಾಕ್ ಇದೆ, ಅಂದರೆ ಕೂಲಂಟಿನ ದಾರಿಯಲ್ಲಿ ಗಾಳಿ ಸಿಕ್ಕಿಕೊಂಡಿದೆ. ಪೂರ್ತಿ ತಣಿದ ಮೇಲೆ ಮಟ್ಟ ನೋಡಿ ‘ಮಿನ್’ ಮತ್ತು ‘ಮ್ಯಾಕ್ಸ್’ ನಡುವೆ ಇರುವಂತೆ ತುಂಬಿ. ಗೆರೆ ಮೀರಿ ತುಂಬಿದರೆ ಬಿಸಿಗೆ ಹಿಗ್ಗಿದ ಕೂಲಂಟ್ ಕ್ಯಾಪಿನಿಂದಲೇ ಹೊರಬೀಳುತ್ತದೆ, ಹೊಸ ಟ್ಯಾಂಕೂ ಸೋರುತ್ತಿದೆ ಎಂದು ನೀವು ಗಾಬರಿಯಾಗುತ್ತೀರಿ.

ಇನ್ನೊಬ್ಬರ ಪ್ರಶ್ನೆ: ಅಣ್ಣ, ನಮ್ಮದು ಹಳೆ ಪೆಟ್ರೋಲ್ ಗಾಡಿ. ಕ್ಯಾಪ್ ರೇಡಿಯೇಟರ್ ಮೇಲೇ ಇದೆ, ಪಕ್ಕದ ಬಾಟಲಿಯ ತಳ ಸೀಳಿದೆ. ಅದಕ್ಕೂ ಹೊಸದೇ ಬೇಕಾ?

ಉತ್ತರ: ನಿಮ್ಮ ಬಾಟಲಿಗೆ ಒತ್ತಡ ಇಲ್ಲ, ರೇಡಿಯೇಟರ್ ಉಕ್ಕಿಸಿದ್ದನ್ನು ಹಿಡಿದಿಟ್ಟು ತಣಿದಾಗ ವಾಪಸ್ ಕೊಡುವುದಷ್ಟೇ ಅದರ ಕೆಲಸ. ಇದನ್ನು ಬೆಸೆಯಬಹುದು. ತೊಳೆದು ಒಣಗಿಸಿ, ಸೀಳಿನ ಎರಡು ತುದಿಗೂ 2 ಎಂಎಂ ಡ್ರಿಲ್‌ನಲ್ಲಿ ತೂತು ಹೊಡೆಯಿರಿ, ಸೀಳು ಮುಂದೆ ಓಡುವುದಿಲ್ಲ. ಸೀಳಿನ ಉದ್ದಕ್ಕೂ ಅಂಚುಗಳನ್ನು ಇಳಿಜಾರಾಗಿ ಕೆರೆದು, 60 ವ್ಯಾಟ್ ಸೋಲ್ಡರಿಂಗ್ ಐರನ್‌ನಲ್ಲಿ ಅದೇ ‘ಪಿಪಿ’ ಗುರುತಿನ ಪ್ಲಾಸ್ಟಿಕ್ ಪಟ್ಟಿಯನ್ನು ಕರಗಿಸಿ ತುಂಬಿ. ಪ್ಲಾಸ್ಟಿಕ್ ಕಪ್ಪಾಗಿ ಹೊಗೆ ಬಂದರೆ ಶಾಖ ಹೆಚ್ಚಾಯಿತು. ಒತ್ತಡದ ಟ್ಯಾಂಕಿಗೆ ಈ ಬೆಸುಗೆಯನ್ನು ನಂಬಬೇಡಿ.

ಇನ್ನೊಬ್ಬರ ಪ್ರಶ್ನೆ: ರೇಡಿಯೇಟರ್‌ಗೆ ಅರಿಶಿನ ಪುಡಿ ಹಾಕಿದರೆ ಸೋರಿಕೆ ನಿಲ್ಲುತ್ತದಂತೆ? ಬೋರ್‌ವೆಲ್ ನೀರು ಹಾಕಿದರೆ ಏನು ತೊಂದರೆ?

ಉತ್ತರ: ಅರಿಶಿನ ಸೂಕ್ಷ್ಮ ತೂತಿಗೆ ಕೂತು ಸ್ವಲ್ಪ ಹೊತ್ತು ನಿಲ್ಲಿಸಬಹುದು, ಆಮೇಲೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಹೀಟರ್ ಕೋರ್‌ನಲ್ಲೂ (ಕಾರಿನೊಳಗೆ ಬಿಸಿ ಗಾಳಿ ಕೊಡುವ ಪುಟ್ಟ ರೇಡಿಯೇಟರ್) ಕೆಸರಾಗಿ ಕೂರುತ್ತದೆ. ಬೋರ್‌ವೆಲ್ ನೀರಿನ ಗಡಸುತನ ಅಡುಗೆಮನೆ ಪಾತ್ರೆಗೆ ಬಿಳಿ ಪದರ ಕಟ್ಟುವ ಹಾಗೆ ಎಂಜಿನ್ ಒಳಗೂ ಕಟ್ಟುತ್ತದೆ. ಗಾಢ ಕೂಲಂಟ್ ತಂದರೆ ಅರ್ಧಕ್ಕೆ ಅರ್ಧ ಡಿಸ್ಟಿಲ್ಡ್ ನೀರು ಬೆರೆಸಿ, ಬ್ಯಾಟರಿಗೆಂದು ಬಂಕ್‌ನಲ್ಲಿ ಮಾರುವ ನೀರು ಸಾಕು. ಆಸಿಡ್ ಬಾಟಲಿಯೂ ಅಲ್ಲೇ ಇರುತ್ತದೆ, ಲೇಬಲ್ ಓದಿ ತನ್ನಿ. ‘ರೆಡಿ ಮಿಕ್ಸ್’ ಎಂದಿದ್ದರೆ ನೀರು ಬೇಡ. ಬಣ್ಣ ನೋಡಿ ಕೊಳ್ಳಬೇಡಿ, ಒಂದೇ ಹಸಿರಿನಲ್ಲಿ ಬೇರೆಬೇರೆ ರಾಸಾಯನಿಕ ಬರುತ್ತದೆ. ಮಾಲೀಕರ ಕೈಪಿಡಿಯಲ್ಲಿ ಹೇಳಿದ ದರ್ಜೆಯೇ ಇರಲಿ.

ಮೊದಲನೆಯವರು: ಟ್ಯಾಂಕ್, ಕ್ಯಾಪ್ ಎರಡೂ ಬದಲಿಸಿದೆ ಸರ್. ಸೋರಿಕೆ ಇಲ್ಲ. ಆದರೆ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ ಎರಡು ನಿಮಿಷಕ್ಕೇ ಮೇಲಿನ ಪೈಪ್ ಕಲ್ಲಿನಂತೆ ಗಟ್ಟಿ.

ಉತ್ತರ: ಹಾಗಿದ್ದರೆ ಟ್ಯಾಂಕ್ ಸೀಳಿದ್ದಕ್ಕೆ ವಯಸ್ಸೊಂದೇ ಕಾರಣ ಅಲ್ಲದಿರಬಹುದು. ಎಂಜಿನ್ ಕಾಯುವ ಮೊದಲೇ ಒತ್ತಡ ಏರಿದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಮೂಲಕ ದಹನದ ಅನಿಲ ಕೂಲಂಟಿಗೆ ನುಗ್ಗುತ್ತಿರುವ ಅನುಮಾನ ಬರುತ್ತದೆ. ಗ್ಯಾರೇಜಿನಲ್ಲಿ ನೀಲಿ ದ್ರವದ ಪರೀಕ್ಷೆ ಮಾಡಿಸಿ. ಟ್ಯಾಂಕ್ ಬಾಯಿಗೆ ಉಪಕರಣ ಇಟ್ಟು ಅಲ್ಲಿನ ಗಾಳಿಯನ್ನು ದ್ರವದೊಳಗೆ ಎಳೆಯುತ್ತಾರೆ. ಅನಿಲ ಇದ್ದರೆ ದ್ರವದ ಬಣ್ಣ ಬದಲಾಗುತ್ತದೆ. ಅಲ್ಲಿಯವರೆಗೆ ಘಾಟಿ ಹತ್ತಿಸಬೇಡಿ, ದಿನವೂ ತಣ್ಣಗಿರುವಾಗ ಮಟ್ಟ ನೋಡಿ. ಮೀಟರಿನ ಮುಳ್ಳನ್ನು ನಂಬಿ ಕೂರಬೇಡಿ, ಕೂಲಂಟ್ ಇಳಿದು ಸೆನ್ಸರ್ ಒಣಗಿ ನಿಂತರೆ ಎಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು.

ತೆಗೆದ ಹಳೆ ಕೂಲಂಟನ್ನು ಅಂಗಳದಲ್ಲಿ ತೆರೆದಿಡಬೇಡಿ, ಚರಂಡಿಗೂ ಬಿಡಬೇಡಿ. ರುಚಿ ಸಿಹಿ, ನಾಯಿ ಬೆಕ್ಕು ನೆಕ್ಕುತ್ತವೆ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಮೂತ್ರಪಿಂಡ ಹಾಳುಮಾಡಿ ಕೊಲ್ಲುತ್ತದೆ. ಬಿಗಿ ಮುಚ್ಚಳದ ಕ್ಯಾನಿಗೆ ತುಂಬಿ, ಪರೀಕ್ಷೆಗೆ ಹೋಗುವಾಗ ಗ್ಯಾರೇಜಿಗೇ ಕೊಟ್ಟುಬಿಡಿ.